ಉದ್ದಹೊಲದ ಹಸಿರು ಗೆರೆಗಳು

ಜೂನ್ ತಿಂಗಳ ಎರಡನೇ ವಾರ ಬಂತೆಂದರೆ ಮೇಸ್ತ್ರಿ ವೆಂಡೆಲ್ ತನ್ನ ದ್ರಾಕ್ಷಿ ತೋಟಕ್ಕೆ ಹೋಗುವ ದಾರಿ ಬದಲಾಯಿಸುತ್ತಿದ್ದ. ಉದ್ದಹೊಲದ ಮೇಲ್ಬದುವಿನ ಮೇಲೆ ನೆಟ್ಟಗೆ ಹೋದರೆ ಕಾಲು ಗಂಟೆಯ ಹಾದಿ. ಅದನ್ನು ಬಿಟ್ಟು ತೋಪು ಬಳಸಿ, ಹಳ್ಳ ಇಳಿದು ಹತ್ತಿ, ಮುಕ್ಕಾಲು ಗಂಟೆ ಏದುಸಿರು ಬಿಡುತ್ತಾ ನಡೆಯುತ್ತಿದ್ದ. ಪೈರಿನ ಕೊಯ್ಲು ಮುಗಿದ ಮಾರನೆಯ ದಿನದಿಂದ ಮತ್ತೆ ಹಳೆಯ ದಾರಿ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ನಮ್ಮೂರು ಬೋದಲದ ಜನ ಇಂಥದ್ದನ್ನು ಕಂಡೂ ಸುಮ್ಮನಿರುವವರಲ್ಲ. ಹಾವಿನ ಭಯ ಎಂದರು ಕೆಲವರು. ಆ ಹೊಲದಲ್ಲಿ ಯಾವಳೋ ಕಾಯುತ್ತಾಳೆ, ಹೆಂಡತಿಗೆ ಹೆದರಿ ಸುತ್ತುಹಾಕುತ್ತಾನೆ ಎಂದು ಹೆಂಡದಂಗಡಿಯಲ್ಲಿ ನಕ್ಕರು. ವೆಂಡೆಲ್ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ. ಹಾವು ಅಂದರೆ ಹಾವು, ಹೆಂಗಸು ಅಂದರೆ ಹೆಂಗಸು. ನಿಜ ಹೇಳುವುದಕ್ಕಿಂತ ಎರಡೂ ಅವನಿಗೆ ಹಗುರವಾಗಿದ್ದವು.

ವೆಂಡೆಲನ ಚೆರೆ ಮನೆತನದವರು ನಾಲ್ಕು ತಲೆಮಾರಿನಿಂದ ನಮ್ಮೂರಿನ ಗಾರೆ ಮೇಸ್ತ್ರಿಗಳು. ವೆಂಡೆಲ್ ಹುಟ್ಟಿದ್ದು ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ. ನಡೆಯಲು ಕಲಿತ ಮೇಲೆ ಅವನ ಕೈಗೆ ಸಿಕ್ಕ ಮೊದಲ ಆಟದ ಸಾಮಾನು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಅಜ್ಜನ ತೂಗುಗುಂಡು. ಯುದ್ಧಕ್ಕೆ ಹೋದ, ರಷ್ಯಾದ ದೋನ್ ನದಿಯ ಹಿಮದಲ್ಲಿ ಎಡಗಾಲಿನ ಎರಡು ಬೆರಳು ಬಿಟ್ಟು ಬಂದ. ಬಂದವನು ಬೊರ್ಬಾಲಳನ್ನು ಮದುವೆಯಾದ. ಆಕೆ ಪಕ್ಕದ ಬೀದಿಯ ಬಂಡಿ ಬಡಗಿಯ ಮಗಳು, ಕೆಲಸದಲ್ಲಿ ಎಷ್ಟು ಚುರುಕೋ ಬಾಯಲ್ಲೂ ಅಷ್ಟೇ ಚುರುಕು. ನಲವತ್ತೆಂಟರಲ್ಲಿ ತನ್ನ ಕೈಯಾರೆ ಮನೆ ಕಟ್ಟಿದ. ಇಷ್ಟೇ ಆಗಿದ್ದರೆ ಅವನ ಬಗ್ಗೆ ಹೇಳಲು ನನಗೂ ಏನೂ ಇರುತ್ತಿರಲಿಲ್ಲ.

ಹಂಗೇರಿಯ ಈ ನಮ್ಮ ಜಾಲಾ ಸೀಮೆಯ ದಿಬ್ಬಗಳಲ್ಲಿ ಜೇಡಿ ಬೇಕಾದಷ್ಟಿದೆ, ಮರಳಿದೆ, ಕಲ್ಲು ಮಾತ್ರ ಇಲ್ಲ. ಸುತ್ತಲ ಹಳ್ಳಿಗಳೆಲ್ಲ ಮರ ಮತ್ತು ಮಣ್ಣಿನವು. ಬೋದಲದ ಮನೆಗಳಿಗೆ ಮಾತ್ರ ಬಿಳಿಗಲ್ಲಿನ ಪಾಯ, ಗೋಡೆ. ದೂರದ ಗಣಿಯಿಂದ ಚೆರೆಯವರು ಬಂಡಿಯಲ್ಲಿ ತರಿಸುತ್ತಾರೆ ಎಂದು ಊರು ನಂಬಿತ್ತು. ಚೆರೆಯವರು ತರುತ್ತಿದ್ದದ್ದು ತಮ್ಮದೇ ಉದ್ದಹೊಲದಿಂದ. ಶರತ್ಕಾಲದ ಉಳುಮೆಯ ಹೊತ್ತಿಗೆ, ವರ್ಷಕ್ಕೆ ಒಂದೋ ಎರಡೋ ಬಂಡಿ. ತೆಗೆದ ಗುಂಡಿಯನ್ನು ಅದೇ ದಿನ ಮುಚ್ಚಿ, ಮೇಲೆ ನೇಗಿಲು ಹಾಯಿಸಿಬಿಡುತ್ತಿದ್ದರು. ಇದು ಅವರ ಮನೆಯ ಗುಟ್ಟು. ಅಪ್ಪ ಮಗನಿಗೆ ಕರಣೆ ಕೊಡುವ ದಿನ ಇದನ್ನೂ ಕೊಡುತ್ತಿದ್ದ.

ಗುಟ್ಟಿನ ಜೊತೆಗೆ ಒಂದು ಪದ್ಧತಿಯೂ ಇತ್ತು. ಆ ಕಲ್ಲುಗಳಲ್ಲಿ ಎಷ್ಟೋ ಕೆತ್ತನೆಯವು. ಒಂದರಲ್ಲಿ ಬಳ್ಳಿ, ಒಂದರಲ್ಲಿ ಹಕ್ಕಿ, ಒಂದೊಂದರಲ್ಲಿ ಗಡ್ಡದ ಮುಖ. ಅವನ್ನು ಗೋಡೆಗಿಡುವಾಗ ಕೆತ್ತನೆಯ ಮುಖ ಗೋಡೆಯೊಳಕ್ಕೆ, ಬೋಳು ಬೆನ್ನು ಹೊರಕ್ಕೆ. ಬೆನ್ನು ಸಪಾಟಾಗಿರುವುದರಿಂದ ಗಾರೆ ಚೆನ್ನಾಗಿ ಕೂರುತ್ತದೆ ಎಂದು ಅಜ್ಜ ಹೇಳುತ್ತಿದ್ದ. ಅಜ್ಜಿಯ ಮಾತು ಬೇರೆ. ಮನೆಯೊಳಗೆ ಏನೇನು ನಡೆಯುತ್ತದೆ ಎಂದು ಸನ್ಯಾಸಿಗಳು ನೋಡಬಾರದಲ್ಲ, ಅದಕ್ಕೆ ಎಂದು ಆಕೆ ತಲೆವಸ್ತ್ರದ ತುದಿ ಬಾಯಿಗಿಟ್ಟು ನಗುತ್ತಿದ್ದಳು. ಅಂದರೆ ಅವರಿಗೆ ಗೊತ್ತಿತ್ತು, ಅದು ಸನ್ಯಾಸಿಗಳ ಕಲ್ಲು ಎಂದು. ವೆಂಡೆಲನ ಅಡುಗೆಮನೆಯಲ್ಲಿ ಒಲೆಯ ಹಿಂದೆಯೇ ಒಂದು ಗಡ್ಡದ ಮುಖ ಗೋಡೆಯೊಳಕ್ಕೆ ತಿರುಗಿ ಕೂತಿತ್ತು. ಅದರ ಬೆನ್ನ ಮೇಲೆ ಬೊರ್ಬಾಲ ಮೆಣಸಿನಕಾಯಿ ಸರ ನೇತುಹಾಕುತ್ತಿದ್ದಳು.

ಐವತ್ತೊಂದರಲ್ಲಿ ಅಟ್ಟ ಗುಡಿಸುವವರು ಬಂದರು. ಸರ್ಕಾರದ ಪಾಲಿನ ಧಾನ್ಯ ಕೊಟ್ಟಿಲ್ಲ ಎಂದು ಮನೆಮನೆ ಹೊಕ್ಕು ಅಟ್ಟದ ಕೊನೆಯ ಕಾಳನ್ನೂ ಪೊರಕೆಯಲ್ಲಿ ಗುಡಿಸಿಕೊಂಡು ಹೋದ ಕಾಲ ಅದು. ವೆಂಡೆಲನ ಅಪ್ಪ ಎರಡು ಮೂಟೆ ಗೋಧಿಯನ್ನು ಗೋಡೆಯೊಳಗಿಟ್ಟು ಗಾರೆ ಮೆತ್ತಿದ್ದ. ಮೇಸ್ತ್ರಿಯ ಬುದ್ಧಿ ಅದಲ್ಲದೆ ಇನ್ನೆಲ್ಲಿಗೆ ಹೋದೀತು! ಗಾರೆ ಹಸಿಯಾಗಿದ್ದದ್ದು ಅವರ ಕಣ್ಣಿಗೆ ಬಿತ್ತು. ಮೂರು ದಿನ ಪಂಚಾಯಿತಿ ಕಟ್ಟಡದ ನೆಲಮಾಳಿಗೆಯಲ್ಲಿ ಇಟ್ಟುಕೊಂಡು ಕಳಿಸಿದರು. ಹೊರಬಂದ ಮುದುಕನಿಗೆ ಮುಂದಿನ ಹಲ್ಲಿರಲಿಲ್ಲ, ಆಮೇಲೆ ಮಾತೂ ಹೆಚ್ಚು ಇರಲಿಲ್ಲ. ಅಂದಿನಿಂದ ಕೈಯಲ್ಲಿ ಕಾಗದ ಹಿಡಿದು ಗೋಡೆಯ ಸುದ್ದಿ ಎತ್ತುವವರನ್ನು ಕಂಡರೆ ವೆಂಡೆಲನಿಗೆ ಭಯ. ಅವನು ಮುಂದೆ ಮಾಡಿದ್ದನ್ನು ಮುಚ್ಚಿಹಾಕಲು ಇದನ್ನು ಹೇಳುತ್ತಿಲ್ಲ. ನಡೆದದ್ದು ಹೀಗೆ, ಅಷ್ಟೇ.

ಐವತ್ತೆಂಟರ ಜೂನಿನಲ್ಲಿ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯದಿಂದ ಒಬ್ಬ ಹುಡುಗಿ ಸೈಕಲ್ ತುಳಿದುಕೊಂಡು ಬಂದಳು. ಹೆಸರು ಎತೆಲ್ಕ. ಇಪ್ಪತ್ತಾರು ವರ್ಷ, ಗಂಡಸರ ಬೂಟು, ಬಿಸಿಲಿಗೆ ಸುಲಿದ ಮೂಗು. ಅವಳ ಹತ್ತಿರ ಒಂದು ಕಾಗದವಿತ್ತು. ಹಳೆಯ ಚರ್ಮದ ಹಾಳೆಯೊಂದರ ನಕಲು. ಅಗೆಯುವುದಕ್ಕೆ ಮೂರು ವಾರದ ಅಪ್ಪಣೆ ಸಿಕ್ಕಿತ್ತು. ಊರಲ್ಲಿ ಕಲ್ಲುಮಣ್ಣು ಬಲ್ಲವನು ವೆಂಡೆಲ್ ಎಂದು ಪಂಚಾಯಿತಿಯವರು ಅವಳನ್ನು ಅವನ ಮನೆಗೇ ಕಳಿಸಿದರು. ಊಟ, ಮಲಗುವುದು ಎಲ್ಲ ಅಲ್ಲೇ.

ಮೊದಲ ರಾತ್ರಿ ಊಟಕ್ಕೆ ಕೂತಾಗ ಅವಳು ಆ ಕಾಗದದಲ್ಲಿದ್ದದ್ದನ್ನು ಹೇಳಿದಳು. ಎಂಟುನೂರು ವರ್ಷದ ಹಿಂದೆ ಈ ಸೀಮೆಯ ಒಬ್ಬ ದೊರೆ, ಮಕ್ಕಳಿಲ್ಲದವನು, ಬೋದಲದಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳಿಗೆ ಒಂದು ಮಠ ಕಟ್ಟಿಸಿಕೊಟ್ಟ. ಕರಿ ನಿಲುವಂಗಿಯ ಹನ್ನೊಂದು ಜನ. ಒಂದು ಮೀನುಕೊಳ, ಎರಡು ನೀರಿನ ಗಿರಣಿ, ಜೇನು ಸಾಕುವವನು ಒಬ್ಬ, ಗಂಟೆ ಬಾರಿಸುವವನು ಒಬ್ಬ. ಗಂಟೆ ಬಾರಿಸುವವನ ಹೆಸರೂ ಹಾಳೆಯಲ್ಲಿತ್ತು. ತಾತಾರರು ಹಂಗೇರಿಗೆ ನುಗ್ಗಿದಾಗ ಸುಟ್ಟರು, ಸನ್ಯಾಸಿಗಳು ಕಾಡಿನಿಂದ ಹಿಂತಿರುಗಿ ಮತ್ತೆ ಕಟ್ಟಿದರು. ಮುನ್ನೂರು ವರ್ಷದ ಮೇಲೆ ತುರ್ಕರು ಬಂದಾಗ ಮಠದಲ್ಲಿ ಉಳಿದದ್ದು ನಾಲ್ಕೇ ಜನ. ಪುಸ್ತಕಗಳನ್ನು ಒಂದು ಗಾಡಿಗೆ ಹೇರಿಕೊಂಡು ಹೊರಟವರು ಎಲ್ಲಿಗೆ ಮುಟ್ಟಿದರೋ ಯಾರಿಗೂ ತಿಳಿಯದು. ಆಮೇಲೆ ಮಠವೇ ಕಾಣೆಯಾಯಿತು. ದಿನಕ್ಕೆ ಏಳು ಸಲ, ನಾಲ್ಕು ನೂರು ವರ್ಷ ಪ್ರಾರ್ಥನೆ ನಡೆದ ಜಾಗ ಎಲ್ಲಿತ್ತು ಎಂಬುದೇ ಈಗ ಯಾರಿಗೂ ಗೊತ್ತಿಲ್ಲ ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳು ಬೆನ್ನು ಕೊಟ್ಟು ಕೂತದ್ದು ಒಲೆಯ ಹಿಂದಿನ ಗೋಡೆಗೆ. ಬೊರ್ಬಾಲ ಗಂಡನನ್ನು ನೋಡಿದಳು. ಅವನು ಹುರುಳಿಕಾಯಿ ಸಾರಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರನೆಯ ಬೆಳಗ್ಗೆ ಅವಳನ್ನು ಸುತ್ತಾಡಿಸಲು ಕರೆದುಕೊಂಡು ಹೋದ. ಬೇರೆ ದಾರಿ ಹಿಡಿಯಬಹುದಿತ್ತು, ಆದರೆ ಅಭ್ಯಾಸ ಬಲದಿಂದ ಕಾಲು ಉದ್ದಹೊಲದ ಮೇಲ್ಬದುವಿಗೇ ಹೋಯಿತು. ಅಲ್ಲಿಂದ ಕೆಳಗೆ ನೋಡಿದರೆ ಹೊಲ ಚಾಪೆ ಹಾಸಿದಂತೆ ಕಾಣುತ್ತದೆ. ಗೋಧಿ ಇನ್ನೂ ಹಸಿರು. ಆ ಹಸಿರಿನ ನಡುವೆ ಹಳದಿ ಗೆರೆಗಳು. ಅಡಿಯಲ್ಲಿ ಗೋಡೆ ಇದ್ದಲ್ಲಿ ಮಣ್ಣು ತೆಳು, ಬೇರಿಗೆ ನೀರು ಸಾಲದು, ಅಲ್ಲಿನ ಪೈರು ಹತ್ತು ದಿನ ಮೊದಲೇ ಹಣ್ಣಾಗುತ್ತದೆ. ಇದು ಚೆರೆ ಮನೆತನದವರಿಗೆ ಗೊತ್ತಿದ್ದ ವಿದ್ಯೆ. ಹುಡುಗಿಗೂ ಗೊತ್ತಿತ್ತು. ಅವಳು ನಿಂತಲ್ಲೇ ನಿಂತಳು.

"ಮೇಸ್ತ್ರಿಗಳೇ, ಅಲ್ನೋಡಿ. ಅಲ್ಲಿ ಮಾತ್ರ ಗೋಧಿ ಯಾಕೆ ಹಳದಿ ಆಗಿದೆ? ದಾರ ಹಿಡಿದು ಎಳೆದ ಹಾಗಿದೆ."

"ಅದಾ? ಹಳೇ ಕುರಿದೊಡ್ಡಿ, ಅಮ್ಮಣ್ಣಿ. ನಮ್ಮಜ್ಜನ ಕಾಲದ್ದು. ಗೋಡೆ ಬುಡ ಇನ್ನೂ ಅಡೀಲಿದೆ."

"ಪೂರ್ವದ ಕಡೆ ಗುಂಡಗೆ ತಿರುಗಿದೆಯಲ್ಲ? ಕುರಿದೊಡ್ಡಿಗೆ ಯಾಕೆ ಹಾಗೆ?"

ಅದು ಮಠದ ದೇವಾಲಯದಲ್ಲಿ ಬಲಿಪೀಠದ ಹಿಂದಿನ ಗೋಡೆ. ಅದು ಗುಂಡಗಲ್ಲದೆ ಇನ್ನು ಹೇಗಿರುತ್ತದೆ! ವೆಂಡೆಲ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಅವನು ಹೇಳಿದ್ದು ಬರೀ ಸುಳ್ಳಲ್ಲ, ಕಸುಬು ಬಲ್ಲವನ ಸುಳ್ಳು.

"ದೊಡ್ಡಿಗೆ ಮೂಲೆ ಇಟ್ರೆ ಹೆದರಿದ ಕುರಿ ಎಲ್ಲಾ ಅಲ್ಲಿಗೇ ನುಗ್ಗಿ, ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯ್ತವೆ. ಅದಕ್ಕೆ ನಮ್ಮ ಕಡೆ ಗುಂಡಗೆ ಕಟ್ತೀವಿ."

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಅವನ ಮುಖ ನೋಡಿದಳು. ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು ಎಂಬಂತೆ ತಲೆಯಾಡಿಸಿದಳು. ಅವನು ಅವಳನ್ನು ಹಳ್ಳದಾಚೆಯ ಹುಲ್ಲುಗಾವಲಿಗೆ ಕರೆದೊಯ್ದ. ಅಲ್ಲಿ ಪಾದ್ರಿ ಬುಗ್ಗೆ ಎಂಬ ಒಂದು ಚಿಲುಮೆ ಇದೆ. ಹಿಂದೆ ಕುಡಿದು ಬರುತ್ತಿದ್ದ ಪಾದ್ರಿಯೊಬ್ಬರು ಅದರಲ್ಲಿ ಬಿದ್ದರು ಎಂದು ಆ ಹೆಸರು, ಮತ್ತೇನಿಲ್ಲ. ಹುಡುಗಿ ಹೆಸರು ಕೇಳಿಯೇ ಹಿಗ್ಗಿದಳು. ಮೂರು ವಾರ ಅಗೆದಳು. ವೆಂಡೆಲ್ ಟೇಪಿನ ಒಂದು ತುದಿ ಹಿಡಿದ, ಗೂಟ ಹೊಡೆದ, ಮಳೆ ಬಂದಾಗ ಗುಂಡಿಯ ನೀರು ಮೊಗೆದ. ಸಿಕ್ಕಿದ್ದು ಒಂದು ಕುದುರೆ ಲಾಳ, ಒಂದು ನರಿಬಿಲ.

ಅವಳು ಹೊರಡುವ ಹಿಂದಿನ ದಿನ ಬೊರ್ಬಾಲ ಹಿತ್ತಿಲಲ್ಲಿ ಗಂಡನನ್ನು ಹಿಡಿದು ನಿಲ್ಲಿಸಿದಳು. ಆ ಹುಡುಗಿ ನನ್ನ ಕೈಯ ಅನ್ನ ತಿಂದು ಬೆಳಗೆದ್ದು ನಿನ್ನ ಸುಳ್ಳನ್ನು ಅಗೆಯುತ್ತಿದ್ದಾಳೆ, ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದಳು. ಅಪ್ಪನ ಹಲ್ಲು ನೆನಪಿಲ್ಲವೇ, ಮನೆ ಕೆಡವಿ ನೋಡುತ್ತೇವೆ ಎಂದರೆ ಎಲ್ಲಿಗೆ ಹೋಗುತ್ತೀ ಎಂದು ಅವನು ತಿರುಗಿ ಬಿದ್ದ. ಅವಳು ಅಂಥವಳಲ್ಲ ಎಂದಳು ಬೊರ್ಬಾಲ. ಅದು ಅವನಿಗೂ ಗೊತ್ತಿತ್ತು. ಅವಳು ಅಂಥವಳಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದನಲ್ಲ, ಅವನ ನಿಜವಾದ ತಪ್ಪು ಅಲ್ಲಿಂದ ಶುರು.

ಎರಡು ವರ್ಷದ ಮೇಲೆ ಅಂಚೆಯಲ್ಲಿ ಒಂದು ಸಣ್ಣ ಪುಸ್ತಕ ಬಂತು. ಬೋದಲದಲ್ಲಿ ಮಠದ ಕುರುಹು ಕಂಡುಬರಲಿಲ್ಲ ಎಂದು ಅದರಲ್ಲಿತ್ತು. ಕೊನೆಯ ಪುಟದಲ್ಲಿ, ಸ್ಥಳ ತೋರಿಸುವುದರಲ್ಲಿ ಪ್ರಾಮಾಣಿಕವಾಗಿ ನೆರವಾದ ಮೇಸ್ತ್ರಿ ಚೆರೆ ವೆಂಡೆಲ್ ಅವರಿಗೆ ಕೃತಜ್ಞತೆಗಳು ಎಂದು ಅಚ್ಚಾಗಿತ್ತು. ಅಚ್ಚಿನಲ್ಲಿ ಹೆಸರು ಬಂದ ಮೊದಲ ಬೋದಲದವನು ಎಂದು ಊರೆಲ್ಲ ಅವನ ಬೆನ್ನು ತಟ್ಟಿತು. ಹೆಂಡದಂಗಡಿಯಲ್ಲಿ ಪ್ರಾಮಾಣಿಕ ವೆಂಡೆಲ್ ಎಂದೇ ಕರೆಯತೊಡಗಿದರು. ಅವನಿಗೆ ಆ ಒಂದು ಪದ ಬೂಟಿನೊಳಗಿನ ಮೊಳೆಯಾಯಿತು.

ಅರವತ್ತೊಂದರಲ್ಲಿ ಊರಿನ ಹೊಲಗಳೆಲ್ಲ ಸಾಮೂಹಿಕ ಬೇಸಾಯ ಸಂಘಕ್ಕೆ ಸೇರಿದವು. ಸಂಘಕ್ಕೆ ನೂರು ದನದ ಕೊಟ್ಟಿಗೆ ಬೇಕಾಗಿತ್ತು. ಕಲ್ಲು ಎಲ್ಲಿಂದ ತರುವುದು ಎಂದು ಅಧ್ಯಕ್ಷರು ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಗೊತ್ತು ಎಂದ ವೆಂಡೆಲ್. ಯಾರೂ ಅವನನ್ನು ಬಲವಂತ ಮಾಡಿರಲಿಲ್ಲ. ಅಜ್ಜ, ಮುತ್ತಜ್ಜ ವರ್ಷಕ್ಕೆ ಒಂದು ಬಂಡಿ ತೆಗೆದಿದ್ದರೆ ಇವನು ಆರು ವಾರದಲ್ಲಿ ಬುಡಸಮೇತ ಎಲ್ಲವನ್ನೂ ಕಿತ್ತ. ಹಳೇ ಕುರಿದೊಡ್ಡಿ ಎಂದು ಕೆಲಸದವರಿಗೂ ಹೇಳಿದ. ಬಳ್ಳಿ, ಹಕ್ಕಿ ಕಂಡಾಗ ಅವರು ಅವನ ಮುಖ ನೋಡಿದರು, ಹಾರೆ ಹಾಕುತ್ತಾ ಹೋದರು. ಒಂದು ಉದ್ದನೆಯ ಚಪ್ಪಡಿ ಸಿಕ್ಕಿತು. ಅದರ ಮೇಲೆ ಮಠಾಧಿಪತಿಯ ಬಾಗಿದ ಕೋಲಿನ ಕೆತ್ತನೆ, ಸುತ್ತ ಅಕ್ಷರ. ಅದನ್ನು ತಾನೊಬ್ಬನೇ ಸನ್ನೆಗೋಲು ಹಾಕಿ ಮಗುಚಿದ. ಅದು ಕೊಟ್ಟಿಗೆಯ ಈಶಾನ್ಯದ ಮೂಲೆಗೆ ಹೋಯಿತು, ಮುಖ ಕೆಳಕ್ಕೆ. ಗೋಡೆ ಕಿತ್ತ ಕಂದಕಗಳಿಗೆ ಹೂಳು ತುಂಬಿದ ಮೀನುಕೊಳದಿಂದ ಕರಿಗೋಡು ಮಣ್ಣು ತಂದು ತುಂಬಿಸಿದ. ಎಲ್ಲ ಮುಗಿದ ಸಂಜೆ ಅವನಿಗೆ ಒಂಥರಾ ಸಮಾಧಾನ ಆಯಿತಂತೆ. ಅಲ್ಲಿ ಏನೂ ಇಲ್ಲ ಎಂದಿದ್ದೆ, ಈಗ ನಿಜಕ್ಕೂ ಏನೂ ಇಲ್ಲ. ಮನುಷ್ಯ ತನ್ನ ಸುಳ್ಳನ್ನು ನಿಜ ಮಾಡಲು ಎಂಥ ಬೆವರು ಸುರಿಸುತ್ತಾನೆ ನೋಡಿ!

ಮುಂದಿನ ಜೂನಿನಲ್ಲಿ ತೋಟಕ್ಕೆ ಹೊರಟವನು ಮೇಲ್ಬದುವಿನ ಮೇಲೆ ನಿಂತುಬಿಟ್ಟ.

ಗೋಧಿ ಹಳದಿಯಾಗುತ್ತಿತ್ತು. ಹಳದಿಯ ನಡುವೆ ಕಡು ಹಸಿರು ಗೆರೆಗಳು. ಗೋಡೆ ಇದ್ದಲ್ಲೆಲ್ಲ ಈಗ ಮೂರು ಮೊಳ ಆಳದ ಕರಿಗೋಡು. ಪೈರು ಅಲ್ಲಿ ಸೊಂಟದೆತ್ತರ ಬೆಳೆದು ಹಸಿಯಾಗಿಯೇ ನಿಂತಿತ್ತು. ಹಿಂದೆ ಅಲ್ಲೊಂದು ಇಲ್ಲೊಂದು ಗೆರೆ ಕಾಣುತ್ತಿತ್ತು. ಈಗ ಇಡೀ ದೇವಾಲಯ ಕಾಣುತ್ತಿತ್ತು. ಪೂರ್ವದ ಗುಂಡು ಗೋಡೆ, ಎರಡು ಸಾಲು ಕಂಬಗಳ ಚುಕ್ಕೆ, ಪಕ್ಕದಲ್ಲಿ ಸನ್ಯಾಸಿಗಳು ತಿರುಗಾಡುತ್ತಿದ್ದ ಚೌಕ ಅಂಗಳ, ಊಟದ ಮನೆ, ಗಂಟೆಗೋಪುರದ ಬುಡ. ಅವನು ಕಿತ್ತಷ್ಟೂ ಅಲ್ಲಿತ್ತು. ಎಲ್ಲೆಲ್ಲಿ ಕೈ ಹಾಕಿದ್ದನೋ ಅಲ್ಲೆಲ್ಲ ಹಸಿರು. ಸಂಘದ ಟ್ರ್ಯಾಕ್ಟರಿನವನು ಪಕ್ಕ ಬಂದು ನಿಂತು, ಇಲ್ಲಿ ಗೊಬ್ಬರ ಚೆನ್ನಾಗಿ ಬಿದ್ದಿದೆ ಅಲ್ಲವಾ ಎಂದ. ಹೂಂ ಎಂದ ವೆಂಡೆಲ್. ಅವತ್ತಿನಿಂದ ಜೂನಿನಲ್ಲಿ ಆ ಬದುವಿಗೆ ಕಾಲಿಡಲಿಲ್ಲ.

ಒಂದು ಈಸ್ಟರಿಗೆ, ತಡೆಯಲಾಗದೆ, ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿ ಇದನ್ನು ಹೇಳಿಯೂ ಬಿಟ್ಟ. ಆಗಿದ್ದ ಪಾದ್ರಿ ಒಳ್ಳೆಯ ಮುದುಕ, ದಣಿದವರು. ಪ್ರಭು ಹುಟ್ಟಿದ್ದೂ ಕೊಟ್ಟಿಗೆಯಲ್ಲೇ ಅಲ್ಲವೇನಪ್ಪಾ ಎಂದು ನಕ್ಕು, ಮೂರು ಪ್ರಾರ್ಥನೆ ಹೇಳು ಎಂದು ಎಬ್ಬಿಸಿದರು. ಮೂರರ ಬದಲು ಮೂವತ್ತು ಹೇಳಿದ. ಎದೆಯಲ್ಲಿ ಇದ್ದದ್ದು ಇದ್ದಲ್ಲೇ ಇತ್ತು. ಎಂದೋ ಸತ್ತ ಹನ್ನೊಂದು ಸನ್ಯಾಸಿಗಳಿಗೆ, ಆ ಗಂಟೆ ಬಾರಿಸುವವನಿಗೆ ತಾನು ಅನ್ಯಾಯ ಮಾಡಿದೆ, ಅವರ ಮನೆ ಬುಡಸಮೇತ ಕದ್ದೆ ಎಂದು ಅವನು ನೊಂದುಕೊಳ್ಳುತ್ತಿದ್ದ. ಬದುಕಿರುವ ಇನ್ನೊಬ್ಬರ ಲೆಕ್ಕ ಬಾಕಿ ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಎಂಬತ್ತನಾಲ್ಕರ ಜೂನಿನ ಒಂದು ಮಧ್ಯಾಹ್ನ ಬಸ್ಸಿನಿಂದ ಎತೆಲ್ಕ ಇಳಿದಳು. ಐವತ್ತೆರಡು ವರ್ಷ, ಕೂದಲು ನರೆತಿತ್ತು, ಕೈಯಲ್ಲಿ ಬೂದು ಚೀಲ. ಬೊರ್ಬಾಲ ಬೇಲಿಯಿಂದಲೇ ಗುರುತು ಹಿಡಿದು ಅಪ್ಪಿಕೊಂಡಳು. ಒಳಗೆ ಕೂರಿಸಿದರು, ಗಸಗಸೆ ಹಾಕಿದ ಶ್ಯಾವಿಗೆ ಬಡಿಸಿದರು. ಅವಳು ಬಂದ ಕಾರಣ ಹೇಳಿದಳು. ಜಿಲ್ಲೆಯ ಹಳೆಯ ತಾಣಗಳ ದೊಡ್ಡ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಬೋದಲದ ಬಗ್ಗೆ ಬರೆಯಬೇಕಾದದ್ದು ಒಂದೇ ಸಾಲು. ಇಲ್ಲಿ ಮಠ ಇರಲಿಲ್ಲ, ಹಳೆಯ ಚರ್ಮದ ಹಾಳೆಯ ಮಾತಿಗೆ ಆಧಾರವಿಲ್ಲ ಎಂದು. ಸೋಮವಾರ ಅದಕ್ಕೆ ರುಜು ಹಾಕಬೇಕು. ಹಾಕುವ ಮುಂಚೆ ಪಾದ್ರಿ ಬುಗ್ಗೆಯನ್ನು ಇನ್ನೊಮ್ಮೆ ನೋಡಿ ಮನಸ್ಸು ಗಟ್ಟಿಮಾಡಿಕೊಂಡು, ಐದೂವರೆಯ ಬಸ್ಸಿಗೆ ಹೊರಡಬೇಕು ಎಂದಳು.

ಒಮ್ಮೆ ಅಚ್ಚಾದರೆ ಮುಗಿಯಿತು. ನಾಲ್ಕು ನೂರು ವರ್ಷದ ಮಠ ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ವೆಂಡೆಲ್ ಶ್ಯಾವಿಗೆಯನ್ನು ಫೋರ್ಕಿಗೆ ಸುತ್ತುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ. ಹೇಳದಿದ್ದರೂ ನಡೆಯುತ್ತದೆ. ಇನ್ನು ಮೂರು ಗಂಟೆ ಕಳೆದರೆ ಬಸ್ಸು ಹೊರಡುತ್ತದೆ. ತಾನೂ ಇನ್ನು ಹತ್ತು ವರ್ಷ ಬದುಕಿದರೆ ಹೆಚ್ಚು. ಬೊರ್ಬಾಲ ಎದ್ದುಹೋಗಿ, ಕಪಾಟಿನ ಬಟ್ಟೆಯ ಅಡಿಯಿಂದ ಆ ಹಳೆಯ ಸಣ್ಣ ಪುಸ್ತಕ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಕೊನೆಯ ಪುಟ ತೆರೆದೇ ಇಟ್ಟಳು.

"ತಿನ್ನು ಮಹರಾಯ," ಅಂದಳು. "ಇಲ್ಲಾ ಬಾಯಿ ಬಿಡು. ಎರಡರಲ್ಲಿ ಒಂದು ಮಾಡು."

ಅವನು ಫೋರ್ಕು ಕೆಳಗಿಟ್ಟ.

"ಅದು ಕುರಿದೊಡ್ಡಿ ಅಲ್ಲ, ಅಮ್ಮಣ್ಣಿ."

ಇಪ್ಪತ್ತಾರು ವರ್ಷದ ಮೇಲೂ ಅವನ ಬಾಯಿಗೆ ಅಮ್ಮಣ್ಣಿ ಎಂದೇ ಬಂತು. ಆಮೇಲೆ ಒಂದರ ಹಿಂದೊಂದು ಎಲ್ಲ ಹೇಳಿದ. ಅಜ್ಜನ ಬಂಡಿ, ಒಳಕ್ಕೆ ತಿರುಗಿಸಿದ ಮುಖಗಳು, ಅಪ್ಪನ ನೆಲಮಾಳಿಗೆ, ಆರು ವಾರ, ಚಪ್ಪಡಿ, ಕೊಟ್ಟಿಗೆಯ ಮೂಲೆ. ಹೇಳುವಾಗ ಅವಳ ಕಡೆ ನೋಡಲಿಲ್ಲ, ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ನೋಡಿ ಹೇಳಿದ. ಹೇಳಿ ಮುಗಿದ ಮೇಲೆ ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಚೆನ್ನಾಗಿತ್ತು.

"ಕುರಿ ಮೂಲೇಲಿ ನುಗ್ಗಿ ಸಾಯೋದು?" ಎಂದು ಕೇಳಿದಳು.

"ಆಗಷ್ಟೇ ಹುಟ್ಟಿಸಿಕೊಂಡು ಹೇಳಿದ್ದು."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ತನ್ನ ಕಥೆ ಹೇಳಿದಳು, ಬೇರೆ ಯಾರದೋ ಸಂಗತಿ ಹೇಳುವವಳ ಹಾಗೆ. ಬರಿಗೈಯಲ್ಲಿ ಹಿಂತಿರುಗಿದ ಮೇಲೆ ಸಂಗ್ರಹಾಲಯದಲ್ಲಿ ಅವಳಿಗೆ ನರಿಬಿಲದ ಎತೆಲ್ಕ ಎಂದು ಹೆಸರು ಬಿತ್ತು. ಮತ್ತೆ ಅಗೆಯಲು ಅವಳೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಇಪ್ಪತ್ತೈದು ವರ್ಷ ಬೇರೆಯವರು ಅಗೆದು ತಂದ ಮಡಕೆ ಚೂರುಗಳಿಗೆ ಚೀಟಿ ಅಂಟಿಸಿ ಡ್ರಾಯರಿಗೆ ಹಾಕಿದಳು. ರೈಲಿನ ಕಿಟಕಿಯಿಂದ ಎಷ್ಟೋ ಸಲ ಹೊಲಗಳಲ್ಲಿ ಗೆರೆ ಕಂಡಿದ್ದಳು. ಒಂದು ಕಡೆಯಂತೂ ಇಡೀ ಹಳ್ಳಿಯ ಗುರುತು. ಕಂಡಾಗಲೆಲ್ಲ ಕಿಟಕಿಯ ಪರದೆ ಎಳೆದುಕೊಂಡಳು. ಆ ಹಳ್ಳಿಯ ಮೇಲೆ ಈಗ ಹೆದ್ದಾರಿ ಇದೆ.

"ಅವತ್ತು ನಾನು ನೋಡಿದ್ದೆ ಮೇಸ್ತ್ರಿಗಳೇ," ಎಂದಳು ಕೊನೆಗೆ. "ಸರಿಯಾಗೇ ನೋಡಿದ್ದೆ. ನೀವು ಹೇಳಿದ ಮೇಲೆ ನನ್ನ ಕಣ್ಣನ್ನ ನಾನು ನಂಬಲಿಲ್ಲ. ಆಮೇಲೆ ಯಾವತ್ತೂ ನಂಬಲಿಲ್ಲ."

ವೆಂಡೆಲನ ಮುಖ ಗೋಡೆಯಂತೆ ಬೆಳ್ಳಗಾಯಿತು. ಇಷ್ಟು ವರ್ಷ ಸತ್ತವರ ಕಲ್ಲಿಗಾಗಿ ಕೊರಗಿದ್ದ. ಬದುಕಿದ್ದವಳ ಕಣ್ಣು ಕಿತ್ತುಕೊಂಡಿದ್ದು ಅವನಿಗೆ ತಿಳಿದೇ ಇರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದ. ಆ ಪದ ಈ ಕೆಲಸಕ್ಕೆ ಸಾಲುವುದಿಲ್ಲ ಎಂದು ಅವನಿಗೇ ಅನ್ನಿಸಿತು. ಗೋಡೆಯ ಮೊಳೆಯಲ್ಲಿದ್ದ ಟೋಪಿ ತೆಗೆದುಕೊಂಡ.

"ಬನ್ನಿ. ಇನ್ನೂ ಇದೆ ಅದು."

ಕಲ್ಲೆಲ್ಲ ಕಿತ್ತೆ ಎಂದಿರಲ್ಲ, ಇನ್ನೇನು ಇರುತ್ತದೆ ಎಂದು ಅವಳು ಕೇಳಿದಳು. ನಡೆಯಿರಿ ಎಂದ. ಇಪ್ಪತ್ತೆರಡು ವರ್ಷದ ಮೇಲೆ ಜೂನ್ ತಿಂಗಳಲ್ಲಿ ಅವನ ಕಾಲು ಆ ದಾರಿ ಹಿಡಿಯಿತು. ಬೊರ್ಬಾಲ ಬಾಗಿಲಲ್ಲಿ ನಿಂತು ನೋಡಿದಳು, ಜೊತೆಗೆ ಬರಲಿಲ್ಲ. ಆ ವರ್ಷ ಉದ್ದಹೊಲದಲ್ಲಿ ಬಾರ್ಲಿ ಹಾಕಿದ್ದರು. ಮೇಲ್ಬದು ಹತ್ತುವಾಗ ವೆಂಡೆಲ್ ತಲೆ ತಗ್ಗಿಸಿಕೊಂಡೇ ಹತ್ತಿದ. ತಾನು ನೋಡಲಿಲ್ಲ. ಅವಳು ನಿಂತಾಗ ನಿಂತ.

ಅವಳು ಚೀಲದಿಂದ ನೋಟುಬುಕ್ಕು, ಪೆನ್ಸಿಲು ತೆಗೆಯುವ ಸದ್ದು ಕೇಳಿಸಿತು. ಆಗ ಅವನು ತಲೆ ಎತ್ತಿದ. ಹಣ್ಣಾಗುತ್ತಿದ್ದ ಬಾರ್ಲಿಯಲ್ಲಿ ಇಡೀ ಮಠ ಹಸಿರಾಗಿ ಮಲಗಿತ್ತು. ಅವಳು ಬೆರಳಲ್ಲಿ ಎಣಿಸುತ್ತಿದ್ದಳು, ಕಂಬ ಎಷ್ಟು, ಕೋಣೆ ಎಷ್ಟು. ಗುಂಡು ಗೋಡೆಯ ಹತ್ತಿರ ಬಂದಾಗ ಬೆರಳು ಅಲ್ಲೇ ನಿಂತಿತು. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ, ಗೆರೆ ಎಳೆಯುವುದನ್ನು ಬಿಡಲೂ ಇಲ್ಲ. ಪೂರ್ತಿ ಒಂದು ಗಂಟೆ ಬರೆದಳು. ಆಮೇಲೆ ಟೇಪು ತೆಗೆದು ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅರವತ್ತಮೂರು ವರ್ಷದ ಮನುಷ್ಯ ಬಾರ್ಲಿಯಲ್ಲಿ ಮಂಡಿಯವರೆಗೆ ಹೂತು, ತಾನು ಕಿತ್ತ ಒಂದೊಂದು ಗೋಡೆಯ ತುದಿಯಲ್ಲೂ ನಿಂತ. ಟೇಪು ಒಮ್ಮೆ ಸಡಿಲವಾಯಿತು.

"ಬಿಗಿಯಾಗಿ ಹಿಡೀರಿ," ಅಂದಳು. "ಈ ಸಲ ಸರಿ ಬರಬೇಕು."

ಐದೂವರೆಯ ಬಸ್ಸು ಹೋಯಿತು. ಏಳರ ಬಸ್ಸಿಗೆ ನಿಂತಾಗ ಅವಳು ಕೇಳಿದಳು, ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆಯಲಿ ಎಂದು. ಹಿಂದಿನದರಲ್ಲಿ ಕೃತಜ್ಞತೆ ಹೇಳಿದ್ದೆನಲ್ಲ ಎಂದಳು, ಕುಹಕ ಇರಲಿಲ್ಲ.

"ಅದನ್ನ ತೆಗೀರಿ," ಎಂದ ವೆಂಡೆಲ್. "ಮಾಡಿದ್ದನ್ನ ಬರೀರಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಬಸ್ಸು ಹತ್ತುವಾಗ ಕೈ ಕುಲುಕಿದಳು. ಅವಳ ಕೈಗೆ ಬಾರ್ಲಿಯ ಮುಳ್ಳು ತಾಗಿ ಕೆಂಪಾಗಿತ್ತು. ಆ ಬೇಸಿಗೆ ಸಂಘದವರು ಏನೆಂದುಕೊಂಡರೂ ಸರಿ ಎಂದು ವೆಂಡೆಲ್ ಕೊಟ್ಟಿಗೆಯ ಈಶಾನ್ಯದ ಮೂಲೆಗೆ ಜಾಕಿ ಕೊಟ್ಟು, ಆ ಚಪ್ಪಡಿಯನ್ನು ಹೊರಗೆಳೆದು, ಅದರ ಜಾಗಕ್ಕೆ ಇಟ್ಟಿಗೆ ಕಟ್ಟಿದ. ಪ್ರಾಮಾಣಿಕ ವೆಂಡೆಲನಿಗೆ ತಲೆ ಕೆಟ್ಟಿದೆ ಎಂದು ಹೆಂಡದಂಗಡಿಯಲ್ಲಿ ಮಾತಾಯಿತು. ಅವನು ಅಲ್ಲಿಗೇ ಹೋಗಿ, ಮಠ ಕಿತ್ತದ್ದು ನಾನು ಎಂದು ಎಲ್ಲರೆದುರು ಹೇಳಿ ಬಂದ. ಆಮೇಲೆ ಯಾರೂ ಅವನನ್ನು ಆ 'ಪ್ರಾಮಾಣಿಕ' ಎಂಬ ಮಾತು ಸೇರಿಸಿ ಕರೆಯಲಿಲ್ಲ.

ನವೆಂಬರಿನಲ್ಲಿ ದೊಡ್ಡ ಪುಸ್ತಕ ಬಂತು. ಕನ್ನಡಕ ಹಾಕಿಕೊಂಡರೂ ಸಣ್ಣ ಅಕ್ಷರ ಅವನಿಗೆ ಕಾಣದು. ಬೊರ್ಬಾಲ ಕಿಟಕಿಯ ಹತ್ತಿರ ಕೂತು ಬೋದಲದ ಪುಟ ಹುಡುಕಿ ಓದಿದಳು. ಸಂತ ಬೆನೆಡಿಕ್ಟರ ಮಠ, ಉದ್ದಹೊಲದಲ್ಲಿ. ಗೋಡೆಗಳ ಬುಡವನ್ನು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಕಿತ್ತು ಹಾಕಿದವರು ಮೇಸ್ತ್ರಿ ಚೆರೆ ವೆಂಡೆಲ್. ಜಾಗ ತೋರಿಸಿದವರೂ ಅವರೇ. ಅಷ್ಟೇ, ಕೃತಜ್ಞತೆ ಇರಲಿಲ್ಲ. ವೆಂಡೆಲ್ ತಲೆಯಾಡಿಸಿದ. ಬೊರ್ಬಾಲ ಪುಟ ಮಗುಚಲು ಹೋದವಳು ನಿಂತಳು. ಎದುರು ಪುಟದಲ್ಲಿ ಮಠದ ನಕ್ಷೆ ಇತ್ತು, ಪೂರ್ವದ ಗುಂಡು ಗೋಡೆ ಸಮೇತ. ಅದರ ಕೆಳಗಿನ ಸಣ್ಣ ಸಾಲನ್ನು ಬೆರಳಿಟ್ಟು ಓದಿದಳು.

"ನಕ್ಷೆ ಬರೆದವರು ಎತೆಲ್ಕ. 1958ರಲ್ಲೂ 1984ರಲ್ಲೂ ಕಣ್ಣಾರೆ ಕಂಡಂತೆ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ವೆಂಡೆಲ್ ಕೈ ಎರಡನ್ನೂ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಮೊದಲನೇ ಇಸವಿ ಇನ್ನೊಂದ್ಸಲ ಓದು," ಎಂದ.

ಅವಳು ಓದಿದಳು.